ಮಂಗಳೂರಿನ ಶಾಲೆಗಳಲ್ಲಿ ಉಚಿತ ಪ್ಯಾಡ್ ಮತ್ತು ಮುಟ್ಟಿನ ಕಪ್

ಮಂಗಳೂರು ನಗರದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ ಹುಡುಗಿಯರಿಗೆ ಪ್ರತಿ ತಿಂಗಳು ಉಚಿತವಾಗಿ ಸ್ಯಾನಿಟರಿ ಪ್ಯಾಡ್ ಸಿಗಬೇಕು. ಇದು ಕರ್ನಾಟಕ ಸರಕಾರದ ‘ಶುಚಿ’ ಯೋಜನೆಯ ಭರವಸೆ. ಯೋಜನೆ ಶುರುವಾದದ್ದು 2013-14ರಲ್ಲಿ. 2020ರ ಹೊತ್ತಿಗೆ ಅದು ನಿಂತುಹೋಯಿತು. 2024ರ ಆರಂಭದಲ್ಲಿ ಮತ್ತೆ ಜೀವ ಪಡೆಯಿತು, ಜೊತೆಗೆ ಮುಟ್ಟಿನ ಕಪ್ ಕೂಡ ಬಂತು. ಕಪ್ ವಿತರಣೆಯ ಪ್ರಯೋಗಕ್ಕೆ ಸರಕಾರ ಆರಿಸಿಕೊಂಡದ್ದು ಎರಡು ಜಿಲ್ಲೆಗಳನ್ನು: ಒಂದು ಚಾಮರಾಜನಗರ, ಇನ್ನೊಂದು ಮಂಗಳೂರು ಕೇಂದ್ರವಾಗಿರುವ ದಕ್ಷಿಣ ಕನ್ನಡ. ಇಷ್ಟು ವರ್ಷಗಳ ಈ ಕಥೆಯನ್ನು ಹಿಂದಿರುಗಿ ನೋಡಿದರೆ ಎದ್ದು ಕಾಣುವ ಸಂಗತಿ ಒಂದೇ. ಪ್ಯಾಡ್ ಕೊಡುವುದು ಯಾವ ಸರಕಾರಕ್ಕೂ ಕಷ್ಟವಾಗಲಿಲ್ಲ. ತಿಂಗಳು ತಪ್ಪದೆ ಕೊಡುವುದು ಕಷ್ಟವಾಯಿತು.

ಆರು ರೂಪಾಯಿಯಿಂದ ಉಚಿತದವರೆಗೆ

ಮೊದಲು ಬಂದದ್ದು ಕೇಂದ್ರದ ಯೋಜನೆ. ಕೇಂದ್ರ ಆರೋಗ್ಯ ಸಚಿವಾಲಯ 2011ರಲ್ಲಿ 17 ರಾಜ್ಯಗಳ 107 ಜಿಲ್ಲೆಗಳಲ್ಲಿ ಗ್ರಾಮೀಣ ಹುಡುಗಿಯರಿಗಾಗಿ ‘ಫ್ರೀಡೇಸ್’ ಎಂಬ ಹೆಸರಿನ ಪ್ಯಾಡ್ ತಂದಿತು. ಆರು ಪ್ಯಾಡ್‌ಗಳ ಪ್ಯಾಕ್‌ಗೆ ಆರು ರೂಪಾಯಿ. ಮಾರುವ ಹೊಣೆ ಆಶಾ ಕಾರ್ಯಕರ್ತೆಯದು. ಪ್ಯಾಕ್ ಒಂದಕ್ಕೆ ಅವಳಿಗೆ ಒಂದು ರೂಪಾಯಿ. ಹೆಸರಿನಲ್ಲಿ ‘ಫ್ರೀ’ ಇದ್ದರೂ ಕಾಸು ಕೊಡಲೇಬೇಕಾದ ಯೋಜನೆ ಅದು. ಹದಿಮೂರು ವರ್ಷದ ಹುಡುಗಿ ಆರು ರೂಪಾಯಿಯನ್ನು ಯಾರಲ್ಲಿ ಕೇಳಬೇಕು? ಅಪ್ಪನಲ್ಲಿ ಕೇಳುವ ಹಾಗಿಲ್ಲ, ಅಮ್ಮನ ಕೈಯಲ್ಲಿ ಇರುವುದಿಲ್ಲ. ಬೆಲೆ ಎಷ್ಟೇ ಕಡಿಮೆಯಾದರೂ ಕೇಳಬೇಕಾದ ಮುಜುಗರ ಕಡಿಮೆಯಾಗಲಿಲ್ಲ.

ಕರ್ನಾಟಕ ‘ಶುಚಿ’ಯ ಮೂಲಕ ಆ ಆರು ರೂಪಾಯಿಯನ್ನೂ ತೆಗೆದುಹಾಕಿತು. ಹತ್ತರಿಂದ ಹದಿನೆಂಟು ವರ್ಷದ ಹುಡುಗಿಯರಿಗೆ ಶಾಲೆ ಮತ್ತು ವಸತಿನಿಲಯಗಳಲ್ಲೇ ಹತ್ತು ಪ್ಯಾಡ್‌ಗಳ ಪ್ಯಾಕ್ ಕೊಡುವುದು ಇದರ ಕ್ರಮ. ಹಣ ಆರೋಗ್ಯ ಇಲಾಖೆಯದು, ಹಂಚುವ ಕೈ ಶಿಕ್ಷಣ ಇಲಾಖೆಯದು. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ಗಳು ಇವೆ, ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯೂ ಇದೆ. ರಕ್ತಹೀನತೆ ಮತ್ತು ಮುಟ್ಟು ಒಂದೇ ದೇಹದ ಎರಡು ಸುದ್ದಿಗಳಾದ್ದರಿಂದ ಇವನ್ನು ಒಟ್ಟಿಗೆ ನೋಡುವ ಆಲೋಚನೆ ಸರಿಯಾದದ್ದೇ.

ಪೇಟೆಯ ಬೆಲೆಯ ಮಾತನ್ನೂ ಇಲ್ಲಿಯೇ ಮುಗಿಸಿಬಿಡಬಹುದು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಪ್ಯಾಡ್ ಮೇಲೆ ಶೇ. 12 ತೆರಿಗೆ ಬಿತ್ತು. ದೇಶದುದ್ದಕ್ಕೂ ಗದ್ದಲ ಎದ್ದ ಮೇಲೆ, ಒಂದು ವರ್ಷದ ನಂತರ 2018ರ ಜುಲೈಯಲ್ಲಿ ಅದು ಪೂರ್ತಿ ರದ್ದಾಯಿತು. ಜನೌಷಧಿ ಕೇಂದ್ರಗಳಲ್ಲಿ ಸಿಗುವ ‘ಸುವಿಧಾ’ ಪ್ಯಾಡ್ 2018ರಲ್ಲಿ ಎರಡೂವರೆ ರೂಪಾಯಿಗೆ ಬಂದು, 2019ರ ಆಗಸ್ಟ್‌ನಿಂದ ಒಂದು ರೂಪಾಯಿಗೆ ಇಳಿಯಿತು. ಮಂಗಳೂರಿನ ಜನೌಷಧಿ ಅಂಗಡಿಗಳಲ್ಲೂ ಅದು ಸಿಗುತ್ತದೆ. ಆದರೂ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿರುವ ಮನೆ ಮಾಮೂಲಿ ಅಂಗಡಿಯಲ್ಲಿ ಪ್ಯಾಡ್ ಒಂದಕ್ಕೆ ಐದಾರು ರೂಪಾಯಿಯಂತೆ ಕೊಂಡರೆ ತಿಂಗಳಿಗೆ ನೂರೈವತ್ತು ರೂಪಾಯಿ ಮೀರುತ್ತದೆ. ಬೀಡಿ ಕಟ್ಟಿ ಬದುಕುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಒಂದು ಪ್ಯಾಕ್‌ನ ಪಯಣ

ಶುಚಿ ಪ್ಯಾಕ್ ಹುಡುಗಿಯ ಚೀಲಕ್ಕೆ ಬೀಳುವ ಮೊದಲು ಹಲವು ಬಾಗಿಲು ದಾಟಬೇಕು. ಬೆಂಗಳೂರಿನಲ್ಲಿ ಟೆಂಡರ್ ಆಗಬೇಕು. ಖರೀದಿ ನಡೆಸುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಅಲ್ಲಿಂದ ಜಿಲ್ಲೆಯ ಔಷಧ ಉಗ್ರಾಣಕ್ಕೆ, ಉಗ್ರಾಣದಿಂದ ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಕೊನೆಗೆ ಶಾಲೆಗೆ. ಶಾಲೆಯಲ್ಲಿ ಒಬ್ಬ ಟೀಚರ್ ಇದರ ಉಸ್ತುವಾರಿ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಆಧಾರ್ ಜೋಡಣೆ, ಇವುಗಳ ಸಾಲಿನಲ್ಲಿ ಇದೂ ಒಂದು ರಿಜಿಸ್ಟರ್.

ಹಂಚುವ ದಿನದ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಏಳನೆಯ ತರಗತಿಯ ಬಾಗಿಲಲ್ಲಿ ಟೀಚರ್ ನಿಂತು “ಹುಡುಗಿಯರು ಮಾತ್ರ ಬನ್ನಿ” ಎನ್ನುತ್ತಾರೆ. ಹುಡುಗರಿಗೆ ಕಾರಣ ಯಾರೂ ಹೇಳುವುದಿಲ್ಲ, ಅವರಿಗೆ ಗೊತ್ತಾಗದೆಯೂ ಇರುವುದಿಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ. ಹೆಸರು, ತರಗತಿ, ಸಹಿ ಎಂದು ಗೆರೆ ಎಳೆದ ರಿಜಿಸ್ಟರ್. ಸಹಿ ಹಾಕಿದ ಹುಡುಗಿ ಪ್ಯಾಕನ್ನು ನೋಟ್ ಪುಸ್ತಕದ ಮಧ್ಯೆ ಇಟ್ಟುಕೊಂಡೋ ಯೂನಿಫಾರ್ಮಿನ ಶಾಲಿನ ಕೆಳಗೆ ಹಿಡಿದುಕೊಂಡೋ ತರಗತಿಗೆ ಓಡುತ್ತಾಳೆ. ಊರಿನ ಮೆಡಿಕಲ್ ಅಂಗಡಿಯವರು ಪ್ಯಾಡನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡುವ ಪದ್ಧತಿಯ ಶಾಲಾ ಆವೃತ್ತಿ ಇದು.

ಯೋಜನೆಯ ಕಾಗದದಲ್ಲಿ ಕಾಣದ ಒಂದು ಅಗತ್ಯವೂ ಇದೆ. ತಿಂಗಳಿಗೊಂದು ಪ್ಯಾಕ್ ಮನೆಗೆ ಹೋಗುತ್ತದೆ, ಆದರೆ ಮುಟ್ಟು ಶಾಲೆಯಲ್ಲೂ ಬರುತ್ತದೆ. ಮೊದಲ ಮುಟ್ಟು ಸಾಮಾನ್ಯವಾಗಿ ಹನ್ನೆರಡು-ಹದಿಮೂರರ ಪ್ರಾಯದಲ್ಲಿ, ಅಂದರೆ ಆರು-ಏಳನೆಯ ತರಗತಿಯಲ್ಲಿ. ಮುಂದಿನ ಒಂದೆರಡು ವರ್ಷ ಅದಕ್ಕೆ ದಿನಾಂಕದ ಶಿಸ್ತು ಇರುವುದಿಲ್ಲ. ಗಣಿತದ ಪೀರಿಯಡ್ ನಡುವೆ ಬಟ್ಟೆ ಒದ್ದೆಯಾದ ಹುಡುಗಿಗೆ ಆ ಗಳಿಗೆಯಲ್ಲಿ ಬೇಕಾದದ್ದು ಟೀಚರ ಕಪಾಟಿನಲ್ಲಿ ಬಿಡಿಯಾಗಿ ಇಟ್ಟ ಒಂದು ಪ್ಯಾಡ್ ಮತ್ತು ಬದಲಿಸಲು ಒಂದು ಒಳಉಡುಪು. ಅನೇಕ ಶಾಲೆಗಳಲ್ಲಿ ಟೀಚರ್‌ಗಳು ಇದನ್ನು ಸ್ವಂತ ದುಡ್ಡಿನಿಂದಲೇ ಇಟ್ಟಿರುತ್ತಾರೆ. ಯಾವ ಅಂಕಿಅಂಶದಲ್ಲೂ ಸೇರದ ಉಚಿತ ಪೂರೈಕೆ ಅದು.

ನಿಂತ ನಾಲ್ಕು ವರ್ಷ

2020ರ ಮಾರ್ಚ್‌ನಲ್ಲಿ ಕೋವಿಡ್‌ಗಾಗಿ ಶಾಲೆಗಳಿಗೆ ಬೀಗ ಬಿತ್ತು. ಶಾಲೆಯನ್ನೇ ನೆಚ್ಚಿಕೊಂಡ ಯೋಜನೆಗೂ ಅದೇ ಗತಿ ಆಯಿತು. ಶಾಲೆ ತೆರೆದ ಮೇಲಾದರೂ ಪ್ಯಾಡ್ ಬರಬೇಕಿತ್ತು, ಬರಲಿಲ್ಲ. ಖರೀದಿ ಕಗ್ಗಂಟಾಯಿತು, ಟೆಂಡರ್ ಮುಂದಕ್ಕೆ ಹೋಗುತ್ತಲೇ ಇತ್ತು. 2020ರಲ್ಲಿ ಆರನೆಯ ತರಗತಿಯಲ್ಲಿದ್ದ ಹುಡುಗಿ ಹತ್ತನೆಯ ತರಗತಿ ಮುಟ್ಟುವ ತನಕದ ಅವಧಿ ಇದು. ಆ ಪ್ರಾಯದವರ ಮಟ್ಟಿಗೆ ಶುಚಿ ಇದ್ದೂ ಇಲ್ಲದ ಹಾಗೆ. ಶಾಲೆಗಳಲ್ಲಿ ಶುಚಿ ಸರಿಯಾಗಿ ಜಾರಿಯಾಗಬೇಕೆಂದು ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಈ ಮಧ್ಯೆ ಕರ್ನಾಟಕ ಹೈಕೋರ್ಟಿನಲ್ಲಿ ವಿಚಾರಣೆಗೆ ಬರುತ್ತಿತ್ತು. ಸರಕಾರ ಅಲ್ಲಿ ಪದೇ ಪದೇ ಉತ್ತರ ಕೊಡಬೇಕಾಯಿತು.

2024ರ ಮೊದಲ ತಿಂಗಳುಗಳಲ್ಲಿ ಶುಚಿ ಮರಳಿತು. ರಾಜ್ಯದಲ್ಲಿ ಸುಮಾರು 19 ಲಕ್ಷ ಹುಡುಗಿಯರಿಗೆ ಪ್ಯಾಡ್ ತಲುಪಿಸುವ ಗುರಿ. ತಲಾ ಹತ್ತರ ಲೆಕ್ಕದಲ್ಲಿ ತಿಂಗಳಿಗೆ 1.9 ಕೋಟಿ ಪ್ಯಾಡ್. ಇಷ್ಟು ದೊಡ್ಡ ಖರೀದಿಯನ್ನು ರಾಜಧಾನಿಯ ಒಂದೇ ಮೇಜಿನಿಂದ ನಡೆಸಿದರೆ ಆ ಮೇಜಿನಲ್ಲಿ ಕಡತ ನಿಂತ ದಿನ ಇಡೀ ರಾಜ್ಯದಲ್ಲಿ ಪ್ಯಾಡ್ ನಿಲ್ಲುತ್ತದೆ.

ಗಡಿಯಾಚೆ ಇದಕ್ಕೆ ಬೇರೆಯದೇ ದಾರಿ ಹುಡುಕಿದ್ದಾರೆ. ಮಂಗಳೂರಿನಿಂದ ದಕ್ಷಿಣಕ್ಕೆ ತಲಪಾಡಿ ದಾಟಿದರೆ ಮಂಜೇಶ್ವರ, ಕಾಸರಗೋಡು. ಕನ್ನಡ ಮಾಧ್ಯಮದ ಶಾಲೆಗಳು ಅಲ್ಲಿಯೂ ಇವೆ, ಆದರೆ ಆಡಳಿತ ಕೇರಳದ್ದು. ಕೇರಳ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ 2017ರಲ್ಲಿ ಆರಂಭಿಸಿದ ‘ಶೀ ಪ್ಯಾಡ್’ ಯೋಜನೆ ಸ್ಥಳೀಯ ಸಂಸ್ಥೆಗಳನ್ನು ಜೊತೆಗೆ ಕಟ್ಟಿಕೊಂಡಿತು. ಆರರಿಂದ ಹನ್ನೆರಡನೆಯ ತರಗತಿವರೆಗಿನವರಿಗೆ ಪ್ಯಾಡ್ ಮಾತ್ರವಲ್ಲದೆ ಅದನ್ನು ಇಡುವ ಕಪಾಟು, ಬಳಸಿದ್ದನ್ನು ಸುಡುವ ಯಂತ್ರ ಕೂಡ ಅದೇ ಯೋಜನೆಯ ಭಾಗ. ಪಂಚಾಯತಿನ ದುಡ್ಡು ಬಂದಲ್ಲಿ ಪಂಚಾಯತ್ ಸದಸ್ಯೆಯನ್ನು ಹಿಡಿದು ಕೇಳಬಹುದು. ಮಂಗಳೂರಿನ ಶಾಲೆಯ ಪೋಷಕರು ಶುಚಿ ಯಾಕೆ ಬರಲಿಲ್ಲ ಎಂದು ಕೇಳಲು ಹೋಗಬೇಕಾದ ಬಾಗಿಲು ಯಾವುದು ಎನ್ನುವುದು ಸ್ಪಷ್ಟವಿಲ್ಲ.

ಓದಿದವರ ಊರು

ದಕ್ಷಿಣ ಕನ್ನಡ 2011ರ ಜನಗಣತಿಯಲ್ಲಿ ಶೇ. 88.57 ಸಾಕ್ಷರತೆಯೊಂದಿಗೆ ರಾಜ್ಯದ ಮೊದಲ ಜಿಲ್ಲೆ. ಪಿಯು ಫಲಿತಾಂಶ ಬಂದಾಗ ಮೊದಲ ಎರಡು ಸ್ಥಾನಗಳಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಕಾಣದ ವರ್ಷ ಅಪರೂಪ. ಹೆಣ್ಣುಮಕ್ಕಳ ಓದಿಗೆ ಇಲ್ಲಿ ಹಳೆಯ ಬೇರುಗಳಿವೆ. 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಹುಡುಗಿಯರ ಶಾಲೆ ನಡೆಸಿದರು; 1921ರಲ್ಲಿ ಅದೇ ಸಭೆ ಸೇಂಟ್ ಆಗ್ನೆಸ್ ಕಾಲೇಜು ತೆರೆಯಿತು. ಕೆನರಾ ಹೆಣ್ಣುಮಕ್ಕಳ ಶಾಲೆ, ಬೆಸೆಂಟ್ ಶಾಲೆ ಇತ್ಯಾದಿಗಳೂ ಆ ಪರಂಪರೆಯವೇ.

ಇಂಥ ನಗರಕ್ಕೆ ಉಚಿತ ಪ್ಯಾಡ್ ಬೇಕೇ ಎಂದು ಕೇಳುವವರು ಇದ್ದಾರೆ. ಅವರು ನಗರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕ ಒಮ್ಮೆ ತೆರೆದು ನೋಡಬೇಕು. ಊರಿನ ಮಧ್ಯಮ ವರ್ಗ ಆಂಗ್ಲ ಮಾಧ್ಯಮದ ಖಾಸಗಿ ಶಾಲೆಗಳಿಗೆ ಹೋಗಿ ಬಹಳ ಕಾಲವಾಯಿತು. ಸರಕಾರಿ ಶಾಲೆಯ ಬೆಂಚುಗಳಲ್ಲಿ ಉಳಿದವರಲ್ಲಿ ದೊಡ್ಡ ಪಾಲು ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು. ಶೆಡ್ಡಿನಂಥ ಮನೆ, ಹತ್ತು ಮನೆಗೆ ಒಂದು ಶೌಚಾಲಯ, ಕೆಲಸ ಮುಗಿದ ಮೇಲೆ ಇನ್ನೊಂದು ಸೈಟು, ಇನ್ನೊಂದು ಶಾಲೆ. ಹೀಗೆ ಜಾಗ ಬದಲಾಗುವ ಹುಡುಗಿಯ ಹೆಸರು ಯಾವ ಶಾಲೆಯ ಪ್ಯಾಡ್ ಪಟ್ಟಿಯಲ್ಲಿ ಇರುತ್ತದೆ? ವರ್ಷದ ಆರಂಭದಲ್ಲಿ ತಲೆ ಎಣಿಸಿ ಕಳಿಸಿದ ಬೇಡಿಕೆಯಲ್ಲಿ ನವೆಂಬರ್‌ನಲ್ಲಿ ಬಂದು ಸೇರಿದವಳಿಗೆ ಜಾಗವಿರುವುದಿಲ್ಲ. ಟೀಚರ್ ಯಾರದೋ ಪ್ಯಾಕ್ ಒಡೆದು ಹಂಚಿಕೊಡುತ್ತಾರೆ, ಅಷ್ಟೆ.

ಇನ್ನೊಂದು ಗುಂಪು ಯೋಜನೆಯ ಆಚೆಗೇ ಉಳಿದಿದೆ. ಶುಚಿ ಇರುವುದು ಸರಕಾರಿ ಮತ್ತು ಅನುದಾನಿತ ಸಂಸ್ಥೆಗಳಿಗೆ. ಅನುದಾನವಿಲ್ಲದ ಖಾಸಗಿ ಶಾಲೆಗೆ ಸಾಲ ಮಾಡಿ ಫೀಸು ಕಟ್ಟುವ ರಿಕ್ಷಾ ಚಾಲಕನ ಮಗಳು, ಮೀನು ಮಾರುವ ತಾಯಿಯ ಮಗಳು ಈ ಲೆಕ್ಕಕ್ಕೆ ಬರುವುದಿಲ್ಲ. ನಗರದ ಕೆಲವು ಕಾಲೇಜುಗಳಲ್ಲಿ ನಾಣ್ಯ ಹಾಕಿದರೆ ಪ್ಯಾಡ್ ಬೀಳುವ ಯಂತ್ರಗಳಿವೆ. ಯಂತ್ರ ಉದ್ಘಾಟನೆಯ ಫೋಟೊ ಪತ್ರಿಕೆಯಲ್ಲಿ ಬಂದಷ್ಟು ಸುಲಭವಾಗಿ ಅದರೊಳಗೆ ಪ್ಯಾಡ್ ತುಂಬಿಸುವ ಕೆಲಸ ನಡೆಯುವುದಿಲ್ಲ.

ಈ ಕೊರತೆಗಳ ನಡುವೆಯೂ ದೇಶದ ಮಟ್ಟದಲ್ಲಿ ಬದಲಾವಣೆ ಸಣ್ಣದಲ್ಲ. 15ರಿಂದ 24 ವರ್ಷದ ಮಹಿಳೆಯರಲ್ಲಿ ಮುಟ್ಟಿನ ದಿನಗಳಲ್ಲಿ ಸುರಕ್ಷಿತ ವಿಧಾನ ಬಳಸುವವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 57.6 ಇದ್ದರು. 2019-21ರ ಸಮೀಕ್ಷೆಯಲ್ಲಿ ಆ ಪ್ರಮಾಣ ಶೇ. 78ರ ಆಸುಪಾಸಿಗೆ ಏರಿತು.

ಕೆಡ್ಡಸ ಮತ್ತು ಹೊರಗೆ ಕೂರುವುದು

ತುಳುನಾಡಿನಲ್ಲಿ ಮುಟ್ಟಿಗೆ ಒಂದು ಹಬ್ಬವೇ ಇದೆ. ಮಕರ ಮಾಸದ ಕೊನೆಯಲ್ಲಿ, ತುಳುವರ ಪೊನ್ನಿ ತಿಂಗಳ 27ರಿಂದ ಮೂರು ದಿನ ಕೆಡ್ಡಸ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಫೆಬ್ರುವರಿ ಎರಡನೆಯ ವಾರದ ಸುಮಾರು. ಭೂಮಿ ಈ ದಿನಗಳಲ್ಲಿ ಮುಟ್ಟಾಗುತ್ತಾಳೆ ಎನ್ನುವುದು ನಂಬಿಕೆ. ಹಾಗಾಗಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಹುರಿದ ಅಕ್ಕಿಯ ಹಿಟ್ಟಿಗೆ ಬೆಲ್ಲ, ತೆಂಗಿನಕಾಯಿ ಸೇರಿಸಿದ ‘ನನ್ನೆರಿ’ ಮನೆಮನೆಯಲ್ಲಿ. ಕೊನೆಗೆ ತುಳಸಿ ಕಟ್ಟೆಯ ಹತ್ತಿರ ನೆಲ ಸಾರಿಸಿ, ಎಣ್ಣೆ, ಸೀಗೆ, ಅರಸಿನ, ಕುಂಕುಮ ಇಟ್ಟು ಹೆಂಗಸರು ಭೂಮಿತಾಯಿಯನ್ನು ಮೀಯಿಸುತ್ತಾರೆ.

ಮಣ್ಣಿಗೆ ಮೂರು ದಿನ ವಿಶ್ರಾಂತಿ ಕೊಡುವ ಇದೇ ಮನೆಗಳಲ್ಲಿ ಮುಟ್ಟಾದ ಹುಡುಗಿ ಹೊರಗೆ ಕೂತು, ಬೇರೆ ಚಾಪೆ, ಬೇರೆ ತಟ್ಟೆ ಹಿಡಿದದ್ದೂ ಉಂಟು. ಭೂಮಿಗೆ ಎಣ್ಣೆ-ಅರಸಿನ, ಮಗಳಿಗೆ ಜಗಲಿಯ ಮೂಲೆ. ನಗರದ ಫ್ಲ್ಯಾಟುಗಳಲ್ಲಿ ಹೊರಗೆ ಕೂರಲು ಹೊರಗೇ ಇಲ್ಲದ್ದರಿಂದ ಈ ಆಚರಣೆ ತಾನಾಗಿ ಸವೆದಿದೆ. ದೇವರ ಕೋಣೆಗೂ ದೈವದ ಕೋಲಕ್ಕೂ ನಾಗಬನಕ್ಕೂ ಹೋಗಬಾರದೆನ್ನುವ ನಿಯಮ ಮಾತ್ರ ಗಟ್ಟಿಯಾಗಿದೆ. ಶಾಲೆಯಲ್ಲಿ ಪ್ಯಾಡ್ ಹಂಚುವ ಟೀಚರ್ ಕೂಡ ಇಂಥದೇ ಮನೆಯಿಂದ ಬಂದಿರುತ್ತಾರೆ. ಕೆಡ್ಡಸವನ್ನು ಪಾಠವಾಗಿ ಹೇಳಿದರೆ ಮುಟ್ಟಿನ ಮಾತಿಗೆ ಹುಡುಗರನ್ನೂ ಕೂರಿಸಿಕೊಂಡು ಶುರುಮಾಡಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು. ಪಠ್ಯಪುಸ್ತಕ ಬರೆಯುವವರಿಗೆ ಇದು ಹೊಳೆದಿಲ್ಲ.

ಚಿಲಕ, ನೀರು, ಮಳೆ

ಪ್ಯಾಡ್ ಬಂದರೆ ಅದನ್ನು ಬದಲಿಸಲು ಜಾಗ ಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು ಎನ್ನುವುದು ವೈದ್ಯರ ಮಾತು. ಉಳ್ಳಾಲದಿಂದಲೋ ಸುರತ್ಕಲ್‌ನಿಂದಲೋ ಬೆಳಗ್ಗೆ ಎಂಟಕ್ಕೆ ಸಿಟಿ ಬಸ್ಸು ಹತ್ತಿ ಸಂಜೆ ಐದಕ್ಕೆ ಮನೆ ಸೇರುವ ಹೈಸ್ಕೂಲು ಹುಡುಗಿ ಶಾಲೆಯಲ್ಲಿ ಒಮ್ಮೆಯಾದರೂ ಬದಲಿಸಲೇಬೇಕು. ಹೆಣ್ಣು-ಗಂಡಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ದೇಶದ ಶೇ. 97.5 ಶಾಲೆಗಳಲ್ಲಿ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇದೆಯೆಂದು ಕೇಂದ್ರ ಸರಕಾರ 2024ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಆ ಲೆಕ್ಕ ಗೋಡೆ ಮತ್ತು ಬಾಗಿಲಿನದು. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ನಳ್ಳಿಯಲ್ಲಿ ನೀರು ಬರುತ್ತದೆಯೇ, ಪ್ಯಾಡ್ ಇಡಲು ಒಂದು ಹಲಗೆ, ಹಾಕಲು ಮುಚ್ಚಳವಿರುವ ಡಬ್ಬಿ ಇದೆಯೇ ಎನ್ನುವುದನ್ನು ಆ ಶೇಕಡಾವಾರು ಹೇಳುವುದಿಲ್ಲ. ಡಬ್ಬಿ ಇಲ್ಲದಲ್ಲಿ ಹುಡುಗಿ ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಮತ್ತೆ ಚೀಲದಲ್ಲೇ ಮನೆಗೆ ಒಯ್ಯುತ್ತಾಳೆ, ಇಲ್ಲವೇ ಬೆಳಗಿನದನ್ನೇ ಸಂಜೆಯವರೆಗೆ ತಡೆದುಕೊಳ್ಳುತ್ತಾಳೆ.

ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುಮಾರಿನ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಬಟ್ಟೆ ಬಳಸುವ ಮನೆಗಳ ಕಷ್ಟ ಈ ತಿಂಗಳುಗಳಲ್ಲಿ ಇಮ್ಮಡಿ. ಮುಟ್ಟಿನ ಬಟ್ಟೆ ಬಿಸಿಲಲ್ಲಿ ಒಣಗಬೇಕು. ಸುರಿಮಳೆಯ ಆಟಿ ತಿಂಗಳಲ್ಲಿ ಬಿಸಿಲೆಲ್ಲಿಯದು? ಇತರ ಬಟ್ಟೆಗಳ ಅಡಿಯಲ್ಲಿ ಅಡಗಿಸಿ ಒಣಗಿಸಿದ ತುಂಡು ಅರೆಹಸಿಯಾಗಿಯೇ ಇರುತ್ತದೆ, ತೊಡೆಸಂದು ಕೆರೆದು ಹುಣ್ಣಾಗುತ್ತದೆ. ಹಾಗಾಗಿ ಪರಿಸರದ ದೃಷ್ಟಿಯಿಂದ ಮೆಚ್ಚುಗೆ ಪಡೆದ, ಒಗೆದು ಬಳಸುವ ಬಟ್ಟೆ ಪ್ಯಾಡ್ ಒಣ ಜಿಲ್ಲೆಗಳಲ್ಲಿ ನಡೆದಷ್ಟು ಸಲೀಸಾಗಿ ಕರಾವಳಿಯಲ್ಲಿ ನಡೆಯುವುದಿಲ್ಲ. ಉಚಿತ ಪ್ಯಾಕ್ ತಪ್ಪಿದರೆ ಇಲ್ಲಿ ಹೆಚ್ಚು ಪೆಟ್ಟು ಬೀಳುವುದು ಮಳೆಗಾಲದಲ್ಲಿಯೇ.

ಕಪ್

ಮೈತ್ರಿ ಎಂಬ ಹೆಸರಿನಲ್ಲಿ ಮುಟ್ಟಿನ ಕಪ್ ಹಂಚುವ ಮಾತು 2022ರಲ್ಲೇ ಕೇಳಿಬಂದಿತ್ತು. 2024ರ ಫೆಬ್ರುವರಿಯಲ್ಲಿ ಆರೋಗ್ಯ ಸಚಿವರೂ ದಕ್ಷಿಣ ಕನ್ನಡದ ಉಸ್ತುವಾರಿ ಸಚಿವರೂ ಆಗಿದ್ದ ದಿನೇಶ್ ಗುಂಡೂರಾವ್ ‘ಶುಚಿ – ನನ್ನ ಮೈತ್ರಿ ಮುಟ್ಟಿನ ಕಪ್’ ಯೋಜನೆಗೆ ಮಂಗಳೂರಿನಲ್ಲಿ ಚಾಲನೆ ಕೊಟ್ಟರು. ವೈದ್ಯಕೀಯ ದರ್ಜೆಯ ಸಿಲಿಕೋನ್‌ನಿಂದ ಮಾಡಿದ, ಗಂಟೆಯಾಕಾರದ ಈ ಸಣ್ಣ ಬಟ್ಟಲನ್ನು ಮಡಚಿ ಯೋನಿಯೊಳಗೆ ಇಟ್ಟುಕೊಂಡರೆ ಎಂಟರಿಂದ ಹನ್ನೆರಡು ಗಂಟೆ ರಕ್ತ ಅದರಲ್ಲಿ ಸಂಗ್ರಹವಾಗುತ್ತದೆ. ತೆಗೆದು ಚೆಲ್ಲಿ, ತೊಳೆದು ಮತ್ತೆ ಇಡುವುದು. ಮುಟ್ಟು ಮುಗಿದ ಮೇಲೆ ಕುದಿಯುವ ನೀರಿನಲ್ಲಿ ಹಾಕಿ ತೆಗೆದಿಡುವುದು. ಸರಿಯಾಗಿ ನೋಡಿಕೊಂಡರೆ ಐದರಿಂದ ಹತ್ತು ವರ್ಷ ಬರುತ್ತದೆ.

ಸರಕಾರಕ್ಕೆ ಇದರಲ್ಲಿ ಕಂಡ ಲಾಭ ಸ್ಪಷ್ಟ. ಒಮ್ಮೆ ಕೊಟ್ಟರೆ ಸಾಕು, ತಿಂಗಳ ಟೆಂಡರಿನ ಕಾಟವಿಲ್ಲ, ಕಸವೂ ಇಲ್ಲ. ಪೂರೈಕೆ ನಿಂತರೂ ಹುಡುಗಿಯ ಕೈಯಲ್ಲಿ ಸಾಮಗ್ರಿ ಉಳಿಯುತ್ತದೆ; ಶುಚಿಯ ನಾಲ್ಕು ವರ್ಷಗಳ ಅನುಭವ ನೋಡಿದವರಿಗೆ ಇದೇ ದೊಡ್ಡ ಸಮಾಧಾನ. ‘ದಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ 2019ರಲ್ಲಿ ಪ್ರಕಟಿಸಿದ ಪರಿಶೀಲನೆ 43 ಅಧ್ಯಯನಗಳನ್ನು, 3,300ಕ್ಕೂ ಹೆಚ್ಚು ಬಳಕೆದಾರರ ಅನುಭವವನ್ನು ಒಟ್ಟುಗೂಡಿಸಿ ಕಪ್ ಸುರಕ್ಷಿತವೆಂದು ಹೇಳಿತು. ಒಗ್ಗಿಕೊಂಡವರಲ್ಲಿ ಹತ್ತಕ್ಕೆ ಏಳು ಜನ ಮುಂದುವರಿಸಲು ಬಯಸಿದ್ದರು. ಕೇರಳದ ಆಲಪ್ಪುಳ ನಗರಸಭೆ ಅದೇ ವರ್ಷ ‘ತಿಂಗಳ್’ ಯೋಜನೆಯಲ್ಲಿ 5,000 ಕಪ್ ಹಂಚಿತ್ತು. ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ 2022ರ ಜನವರಿಯಲ್ಲಿ ಪ್ಯಾಡ್‌ಮುಕ್ತ ಪಂಚಾಯತ್ ಎಂದು ಘೋಷಿಸಿಕೊಂಡಿತು.

ಆದರೆ ಕೇರಳದಲ್ಲಿ ಕಪ್ ಪಡೆದವರಲ್ಲಿ ಮದುವೆಯಾದ, ಮಕ್ಕಳಾದ ಹೆಂಗಸರು ಬಹಳ. ಹದಿನಾರು-ಹದಿನೇಳರ ಹುಡುಗಿಗೆ ಕೊಡುವುದು ಬೇರೆ ಮಾತು. ಒಳಗೆ ಇಟ್ಟುಕೊಳ್ಳುವುದು ಎಂದ ಕೂಡಲೇ ಕನ್ಯತ್ವದ ಪ್ರಶ್ನೆ ಏಳುತ್ತದೆ; ಕೇಳುವವಳು ಹುಡುಗಿಗಿಂತ ಮೊದಲು ಅವಳ ಅಮ್ಮ, ಅಮ್ಮನಿಗಿಂತ ಮೊದಲು ಅಜ್ಜಿ. ಕನ್ಯಾಪೊರೆಗೂ ಕನ್ಯತ್ವಕ್ಕೂ ಸಂಬಂಧವಿಲ್ಲ, ಆಟವಾಡುವಾಗ, ಸೈಕಲ್ ಹೊಡೆಯುವಾಗಲೂ ಅದು ಹಿಗ್ಗಬಹುದು ಎಂದು ಸ್ನೇಹ ಕ್ಲಿನಿಕ್ಕಿನ ಆಪ್ತ ಸಮಾಲೋಚಕಿ ತಾಳ್ಮೆಯಿಂದ ಹೇಳಬೇಕು, ಒಮ್ಮೆಯಲ್ಲ, ಹತ್ತು ಸಲ. ಎರಡನೆಯದು ಕುದಿಸುವ ಪಾತ್ರೆಯ ಸಮಸ್ಯೆ. ಒಂದೇ ಒಲೆಯ, ಒಂದೇ ಕೋಣೆಯ ಮನೆಯಲ್ಲಿ ಮುಟ್ಟಿನ ವಸ್ತುವನ್ನು ಗಂಜಿ ಬೇಯಿಸುವ ಒಲೆಯ ಮೇಲಿಡಲು ಹಿರಿಯರು ಒಪ್ಪಬೇಕಲ್ಲ! ವಸತಿನಿಲಯದ ಹುಡುಗಿಗಂತೂ ಒಲೆಯೇ ಇಲ್ಲ. ಮೂರನೆಯದು, ಹರಿಯುವ ನೀರು ಮತ್ತು ಚಿಲಕವಿರುವ ಬಾಗಿಲು. ಪ್ಯಾಡ್‌ಗೆ ಬೇಕಾದದ್ದೆಲ್ಲ ಕಪ್‌ಗೂ ಬೇಕು, ಸ್ವಲ್ಪ ಹೆಚ್ಚಾಗಿಯೇ ಬೇಕು.

ಪ್ರಯೋಗದ ನಂತರ ಕಪ್ ವಿತರಣೆಯನ್ನು ರಾಜ್ಯದ ಇತರ ಜಿಲ್ಲೆಗಳ ಪ್ರೌಢಶಾಲೆ ಮತ್ತು ಪಿಯು ವಿದ್ಯಾರ್ಥಿನಿಯರಿಗೂ ಹಿಗ್ಗಿಸುವ ದಾರಿಯನ್ನು ಸರಕಾರ ಹಿಡಿಯಿತು. ಕಪ್ ಜೊತೆಗೆ ಪ್ಯಾಡ್ ಕೂಡ ಮುಂದುವರಿದರೆ ಹುಡುಗಿಗೆ ಆಯ್ಕೆ ಇರುತ್ತದೆ. ಕಪ್ ಕೊಟ್ಟಾಯಿತು ಎಂದು ಪ್ಯಾಡ್ ನಿಲ್ಲಿಸಿದರೆ, ಕಪ್ ಬೇಡವೆಂದು ಕಪಾಟಿನಲ್ಲಿಟ್ಟವಳು ಪುನಃ ಬಟ್ಟೆಗೆ ಮರಳುತ್ತಾಳೆ.

ಪಚ್ಚನಾಡಿಯ ಬೆಟ್ಟ

ಬಳಸಿದ ಪ್ಯಾಡ್ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಮಂಗಳೂರಿಗರು ಒಂದು ಹೆಸರು ಹೇಳಬಲ್ಲರು: ಪಚ್ಚನಾಡಿ. 2019ರ ಆಗಸ್ಟ್‌ನ ಮಳೆಗೆ ಅಲ್ಲಿನ ಕಸದ ಬೆಟ್ಟ ಕುಸಿದು ಪಕ್ಕದ ಮಂದಾರ ಪ್ರದೇಶಕ್ಕೆ ಹರಿಯಿತು. ಅಡಿಕೆ-ತೆಂಗಿನ ತೋಟಗಳು ಕಸದಡಿ ಹೂತುಹೋದವು, ಕುಟುಂಬಗಳು ಮನೆ ಬಿಟ್ಟವು. ಆ ರಾಶಿಯಲ್ಲಿ ಊರಿನ ಎಲ್ಲ ಬಗೆಯ ಕಸದ ಜೊತೆ ವರ್ಷಗಟ್ಟಲೆ ಸೇರಿದ ಪ್ಯಾಡ್ ಮತ್ತು ಡಯಾಪರ್ ಕೂಡ ಇದ್ದವು. ಪ್ಯಾಡಿನ ಮೇಲ್ಪದರ, ಕೆಳಪದರ ಪ್ಲಾಸ್ಟಿಕ್. ನಡುವೆ ನೀರು ಹೀರಿ ಜೆಲ್ಲಿಯಾಗುವ ಪಾಲಿಮರ್. ಮಣ್ಣಲ್ಲಿ ಕರಗಲು ನೂರಾರು ವರ್ಷ ಬೇಕು.

ಬಳಸಿದ ಪ್ಯಾಡನ್ನು ಸುತ್ತಿ ಬೇರೆಯಾಗಿ ಕೊಡಬೇಕು, ಸುತ್ತಲು ಚೀಲವನ್ನು ತಯಾರಕರೇ ಒದಗಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಹಸಿ ಕಸ, ಒಣ ಕಸ ಎಂಬ ಎರಡು ಬಕೆಟ್ಟಿನ ಪಾಠವನ್ನೇ ನಗರ ಇನ್ನೂ ಪೂರ್ತಿ ಕಲಿತಿಲ್ಲ. ಮನೆಮನೆ ಕಸ ಎತ್ತುವ ಪೌರಕಾರ್ಮಿಕರೇ ಒಣ ಕಸದ ಚೀಲ ಬಿಚ್ಚಿ ಬರಿಗೈಯಲ್ಲಿ ಪ್ಯಾಡ್ ಬೇರ್ಪಡಿಸುವುದೂ ಇದೆ. 2026ರ ಏಪ್ರಿಲ್‌ನಿಂದ ಜಾರಿಗೆ ಬರುವಂತೆ ಹೊರಡಿಸಿದ ಹೊಸ ನಿಯಮಗಳು ಕಸವನ್ನು ನಾಲ್ಕಾಗಿ ವಿಂಗಡಿಸಲು ಹೇಳುತ್ತವೆ. ನೈರ್ಮಲ್ಯ ತ್ಯಾಜ್ಯ ಅದರಲ್ಲಿ ಒಂದು ಪ್ರತ್ಯೇಕ ವರ್ಗ.

ಶಾಲೆಗಳಲ್ಲಿ ಇಟ್ಟ ಸಣ್ಣ ಸುಡುವ ಯಂತ್ರಗಳ ಬಗ್ಗೆ ಎರಡು ಮಾತು. ಪ್ಲಾಸ್ಟಿಕ್ ಇರುವ ಪ್ಯಾಡ್ 800 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣದಲ್ಲಿ ಉರಿಯಬೇಕು. ಕಡಿಮೆ ಉಷ್ಣದಲ್ಲಿ ಹೊಗೆಯಾಡಿದರೆ ಡಯಾಕ್ಸಿನ್, ಫ್ಯುರಾನ್‌ನಂಥ ವಿಷಗಳು ಹೊರಬರುತ್ತವೆ. ಗೋಡೆಗೆ ಹೊಡೆದ ಪೆಟ್ಟಿಗೆಯಂಥ ಅಗ್ಗದ ಯಂತ್ರ ಆ ಉಷ್ಣಕ್ಕೆ ಏರುವುದು ಕಷ್ಟ. ಕರೆಂಟ್ ಹೋದರೆ ಅರ್ಧಕ್ಕೆ ನಿಲ್ಲುತ್ತದೆ, ಆಮೇಲೆ ಅದರ ಹತ್ತಿರ ಯಾರೂ ಸುಳಿಯುವುದಿಲ್ಲ.

ಸೌಲಭ್ಯದಿಂದ ಹಕ್ಕಿಗೆ

ಜಗತ್ತಿನ ಬೇರೆಡೆ ಈ ವಿಷಯ ಕಾನೂನಿನ ರೂಪ ಪಡೆದದ್ದು ಇತ್ತೀಚೆಗೆ. ಕೆನ್ಯಾ 2017ರಲ್ಲಿ ಶಿಕ್ಷಣ ಕಾಯ್ದೆಗೆ ತಿದ್ದುಪಡಿ ತಂದು ಶಾಲಾ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡುವುದನ್ನು ಸರಕಾರದ ಹೊಣೆ ಮಾಡಿತು. ಸ್ಕಾಟ್ಲೆಂಡ್ 2018ರಿಂದ ಶಾಲೆ-ಕಾಲೇಜುಗಳಲ್ಲಿ ಉಚಿತವಾಗಿ ಕೊಟ್ಟು, 2020ರ ನವೆಂಬರ್‌ನಲ್ಲಿ ಎಲ್ಲರಿಗೂ ಅನ್ವಯಿಸುವ ಕಾಯ್ದೆ ಮಾಡಿತು; 2022ರ ಆಗಸ್ಟ್ 15ರಂದು ಅದು ಜಾರಿಗೆ ಬಂತು. ನ್ಯೂಜಿಲೆಂಡ್ 2021ರಲ್ಲಿ ಎಲ್ಲ ಶಾಲೆಗಳಿಗೆ ವಿಸ್ತರಿಸಿತು. ಭಾರತದಲ್ಲಿ ತಮಿಳುನಾಡು 2011ರಲ್ಲೇ ಉಚಿತ ವಿತರಣೆಗೆ ಇಳಿದಿತ್ತು.

ಶಾಲೆಗಳ ಪ್ಯಾಡ್ ವಿಚಾರ ಸುಪ್ರೀಂ ಕೋರ್ಟಿಗೆ ಹೋದದ್ದು ಜಯಾ ಠಾಕೂರ್ ಎಂಬವರು 2022ರಲ್ಲಿ ಸಲ್ಲಿಸಿದ ಅರ್ಜಿಯಿಂದ. ರಾಜ್ಯಕ್ಕೊಂದು ಕ್ರಮ ಇರುವುದನ್ನು ಬಿಟ್ಟು ದೇಶಕ್ಕೆ ಒಂದು ನೀತಿ ತರಬೇಕೆಂದು 2023ರ ಏಪ್ರಿಲ್ 10ರಂದು ಕೋರ್ಟು ಸೂಚಿಸಿತು. ಕೇಂದ್ರದ ನೀತಿಗೆ ಒಪ್ಪಿಗೆ ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ. ಅಂತಿಮ ತೀರ್ಪು ಬಂದದ್ದು 2026ರ ಜನವರಿ 30ರಂದು. ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್ ಅವರ ಪೀಠ, ಮುಟ್ಟಿನ ಆರೋಗ್ಯ ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಸರಕಾರಿ ಇರಲಿ ಖಾಸಗಿ ಇರಲಿ, ನಗರದ್ದಿರಲಿ ಹಳ್ಳಿಯದ್ದಿರಲಿ, ಎಲ್ಲ ಶಾಲೆಗಳೂ ಉಚಿತವಾಗಿ ಪ್ಯಾಡ್ ಇಡಬೇಕು, ನೀರಿರುವ ಪ್ರತ್ಯೇಕ ಶೌಚಾಲಯ ಕೊಡಬೇಕು, ತುರ್ತಿಗೆ ಬದಲಿ ಒಳಉಡುಪು-ಯೂನಿಫಾರ್ಮ್ ಇರುವ ಒಂದು ಮೂಲೆಯನ್ನು ಸಜ್ಜುಮಾಡಬೇಕು ಎಂದು ಆದೇಶಿಸಿತು. ಟೀಚರ ಕಪಾಟಿನ ಬಿಡಿ ಪ್ಯಾಡ್‌ಗೆ ಕೋರ್ಟಿನ ಆದೇಶದಲ್ಲಿ ಜಾಗ ಸಿಕ್ಕಿತು.

ತೀರ್ಪು ಕೇಳುವುದು ‘ಆಕ್ಸೋ-ಬಯೋಡಿಗ್ರೇಡಬಲ್’ ಪ್ಯಾಡನ್ನು. ಇದು ತಕರಾರಿಲ್ಲದ ವಸ್ತುವಲ್ಲ. ಗಾಳಿ-ಬಿಸಿಲಿಗೆ ಚೂರಾಗುವಂತೆ ರಾಸಾಯನಿಕ ಸೇರಿಸಿದ ಪ್ಲಾಸ್ಟಿಕ್ ಪೂರ್ತಿ ಕೊಳೆಯುತ್ತದೆಯೋ ಕಣ್ಣಿಗೆ ಕಾಣದ ಚೂರುಗಳಾಗಿ ಉಳಿಯುತ್ತದೆಯೋ ಎಂಬ ವಾದ ನಡೆದೇ ಇದೆ. ಐರೋಪ್ಯ ಒಕ್ಕೂಟ 2021ರ ಜುಲೈಯಿಂದ ಆಕ್ಸೋ-ಡಿಗ್ರೇಡಬಲ್ ಪ್ಲಾಸ್ಟಿಕ್ಕಿನ ವಸ್ತುಗಳನ್ನು ಮಾರುಕಟ್ಟೆಗೆ ಬಿಡುವುದನ್ನೇ ನಿಷೇಧಿಸಿದೆ.

ಮಂಗಳೂರಿನ ಮಟ್ಟಿಗೆ ಈ ತೀರ್ಪಿನಲ್ಲಿ ನಿಜವಾಗಿ ಹೊಸದು ಎರಡು. ಅನುದಾನರಹಿತ ಖಾಸಗಿ ಶಾಲೆಗಳು ಮೊದಲ ಬಾರಿಗೆ ಈ ಹೊಣೆಯೊಳಗೆ ಬಂದವು. ಪಾಲಿಸದಿದ್ದರೆ ಮಾನ್ಯತೆಯೇ ಹೋಗಬಹುದು. ಖಾಸಗಿ ಶಾಲೆಗಳೇ ದಟ್ಟವಾಗಿರುವ ನಗರದಲ್ಲಿ ಇದರ ಪರಿಣಾಮ ಸಣ್ಣದಿರಲಾರದು. ಇನ್ನೊಂದು, ತಪಾಸಣೆ. ಜಿಲ್ಲಾ ಶಿಕ್ಷಣಾಧಿಕಾರಿ ವರ್ಷಕ್ಕೊಮ್ಮೆಯಾದರೂ ಶಾಲೆಗಳನ್ನು ಪರಿಶೀಲಿಸಬೇಕು, ಆಗ ವಿದ್ಯಾರ್ಥಿನಿಯರಿಂದಲೇ ಉತ್ತರ ಪಡೆಯಬೇಕು ಎನ್ನುತ್ತದೆ ಆದೇಶ. ಪರಿಶೀಲಿಸಬೇಕಾದ ಶಾಲೆಗಳು ನಗರದಲ್ಲಿ ಮಂಗಳೂರು ಉತ್ತರ, ಮಂಗಳೂರು ದಕ್ಷಿಣ ಎಂಬ ಎರಡು ಶಿಕ್ಷಣ ವಲಯಗಳಲ್ಲಿ ಹಂಚಿವೆ; ಎರಡೂ ಉಪನಿರ್ದೇಶಕರ ಕಚೇರಿಯ ಕೆಳಗೆ ಬರುತ್ತವೆ. ಇಷ್ಟು ಕಾಲ ಶುಚಿಯ ಲೆಕ್ಕ ಹೋಗುತ್ತಿದ್ದದ್ದು ಟೀಚರ ರಿಜಿಸ್ಟರಿನಿಂದ ಮೇಲಕ್ಕೆ: ಎಷ್ಟು ಪ್ಯಾಕ್ ಬಂತು, ಎಷ್ಟು ಸಹಿ ಬಿತ್ತು. ಸಹಿ ಹಾಕಿದವಳನ್ನು ಯಾರೂ ಕೇಳಿರಲಿಲ್ಲ. ಕೋರ್ಟು ಕೊಟ್ಟ ಮೂರು ತಿಂಗಳ ಗಡುವು 2026ರ ಏಪ್ರಿಲ್ ಕೊನೆಯದು. ಕರ್ನಾಟಕದ ಶಾಲೆಗಳಿಗೆ ಆಗ ಬೇಸಿಗೆ ರಜೆ. ರಜೆಯ ಆ ದಿನಗಳಿಗೆ ಪ್ಯಾಡ್ ಮುಂಗಡವಾಗಿ ಕೊಡಬೇಕೋ ಬೇಡವೋ ಎನ್ನುವುದನ್ನು ಶಾಲೆಗಳೇ ನಿರ್ಧರಿಸಿಕೊಳ್ಳಬೇಕಾಗಿದೆ.